ತಲೆಗೆ, ಬೆನ್ನುಹುರಿಗೆ ಪೆಟ್ಟಾದಾಗ: ಪಳನಿ–ತೇನಿ ರಸ್ತೆಯಲ್ಲಿ ಓಡಾಡುವವರು ತಿಳಿದಿರಬೇಕಾದ ವಿಷಯ

ಒಟ್ಟಂಛತ್ರದ ತರಕಾರಿ ಮಂಡಿ, ಬೋಡಿನಾಯಕನೂರಿನ ಏಲಕ್ಕಿ ಹರಾಜು, ಕಂಬಂ ಕಣಿವೆಯ ದ್ರಾಕ್ಷಿ. ವ್ಯಾಪಾರ ಮಾಡುವವರಿಗೆ ಈ ಹೆಸರುಗಳು ಹೊಸದೇನಲ್ಲ. ಕಂಬಂ ಕಣಿವೆಯಲ್ಲಿ ಕಪ್ಪಿಲಿಯರ್ ಎಂಬ ಒಕ್ಕಲಿಗ ಸಮುದಾಯದ ಮನೆಮಾತು ಕನ್ನಡವೇ. ಆದರೆ ಈ ರಸ್ತೆಗಳಿಗೆ ಇನ್ನೊಂದು ಮುಖವೂ ಇದೆ. ತೈಪೂಸಂ ಸಮಯದಲ್ಲಿ ದಿಂಡಿಗಲ್–ಪಳನಿ ರಸ್ತೆಯ ಅಂಚಿನಲ್ಲಿ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಶಬರಿಮಲೆ ಸೀಸನ್‌ನಲ್ಲಿ ಕುಮಳಿ ಘಾಟಿ ತುಂಬಾ ವಾಹನ. ಕೊಡೈಕೆನಾಲ್‌ನಿಂದ ಇಳಿಯುವ ಪ್ರವಾಸಿಗರ ಬೈಕು, ಕಾರುಗಳೂ ಇಲ್ಲಿಗೇ ಬಂದು ಸೇರುತ್ತವೆ. ಇಲ್ಲಿ ತಲೆಗೆ ಪೆಟ್ಟಾದವರನ್ನು ಎಲ್ಲಿಗೆ ಒಯ್ಯಬೇಕು?

ಮಂಗಳೂರಿನವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡೋದಿಲ್ಲ, ನಾಲ್ಕು ಹೆಜ್ಜೆಗೊಂದು ದೊಡ್ಡ ಆಸ್ಪತ್ರೆ ಇದೆ. ಮಂಜೇಶ್ವರ, ಕಾಸರಗೋಡಿನವರಿಗೆ ಮಾತ್ರ ಗೊತ್ತು. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ತಲುಪಲಾಗದೆ ರೋಗಿಗಳು ಸತ್ತದ್ದನ್ನು ಯಾರೂ ಮರೆತಿಲ್ಲ. ಕಂಬಂನಿಂದ ತೇನಿಗೆ ಸುಮಾರು 40 ಕಿ.ಮೀ., ತೇನಿಯಿಂದ ಮದುರೈಗೆ ಸುಮಾರು 75. ಪಳನಿಯಿಂದ ದಿಂಡಿಗಲ್ ಸುಮಾರು 60. ತೇನಿ ಸರಕಾರಿ ವೈದ್ಯಕೀಯ ಕಾಲೇಜು 2004ರಿಂದ ಇದೆ, ದಿಂಡಿಗಲ್‌ನದ್ದು ಉದ್ಘಾಟನೆ ಆದದ್ದು 2022ರ ಜನವರಿಯಲ್ಲಿ. ಅದಕ್ಕೂ ಮೊದಲು ದೊಡ್ಡ ಪೆಟ್ಟು ಅಂದ್ರೆ ಮದುರೈನ ರಾಜಾಜಿ ಆಸ್ಪತ್ರೆ ಅಂತಲೇ ಜನ ಹೊರಡುತ್ತಿದ್ದರು, ಈಗಲೂ ಹೊರಡುವವರಿದ್ದಾರೆ.

ಈ ದೂರವನ್ನು ಕ್ರಮಿಸುವಾಗ ಮೆದುಳಿನೊಳಗೆ ಏನಾಗುತ್ತದೆ ಅನ್ನೋದೇ ಮುಖ್ಯ. ರಸ್ತೆಗೆ ಬಿದ್ದ ಕ್ಷಣದಲ್ಲಿ ಆದ ಹಾನಿಯನ್ನು ಯಾವ ವೈದ್ಯರೂ ಹಿಂದಕ್ಕೆ ತರಲಾರರು. ಆದರೆ ಆಮೇಲಿನ ಗಂಟೆಗಳಲ್ಲಿ ಎರಡನೇ ಹಾನಿ ಶುರುವಾಗುತ್ತದೆ. ಉಸಿರು ಸರಿಯಾಗಿ ಆಡದೆ ಆಮ್ಲಜನಕ ಕಮ್ಮಿಯಾಗುವುದು, ರಕ್ತ ಹೋಗಿ ಬಿಪಿ ಇಳಿಯುವುದು, ತಲೆಬುರುಡೆಯೊಳಗೆ ರಕ್ತ ಶೇಖರವಾಗಿ ಒತ್ತಡ ಏರುವುದು. ತಡೆಯಲು ಸಾಧ್ಯವಿರುವುದು ಈ ಎರಡನೆಯದನ್ನೇ.

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಆಂಬ್ಯುಲೆನ್ಸ್ ಸಿಬ್ಬಂದಿಗೆ ಮೂರು ವಿಷಯದಲ್ಲಿ ತರಬೇತಿ ಕೊಟ್ಟರು: ಆಮ್ಲಜನಕ ಕಮ್ಮಿಯಾಗಬಾರದು, ಬಿಪಿ ಇಳಿಯಬಾರದು, ಗಾಬರಿಯಲ್ಲಿ ಅತಿವೇಗವಾಗಿ ಗಾಳಿ ಒತ್ತಬಾರದು. 21,852 ರೋಗಿಗಳ ಲೆಕ್ಕ 2019ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಸೇರಿಸಿ ನೋಡಿದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆದರೆ ತೀವ್ರ ಪೆಟ್ಟು ಬಿದ್ದವರಲ್ಲಿ ಬದುಕುಳಿಯುವ ಸಾಧ್ಯತೆ ಸುಮಾರು ಎರಡು ಪಟ್ಟಾಗಿತ್ತು. ಹೊಸ ಯಂತ್ರವೂ ಇಲ್ಲ, ದುಬಾರಿ ಔಷಧವೂ ಇಲ್ಲ. ಹಾಗಾಗಿ ಸಿಕ್ಕಿದ ಜೀಪಿನಲ್ಲಿ ಹಾಕಿಕೊಂಡು ನೇರ ಮದುರೈಗೆ ಓಡಿಸುವುದಕ್ಕಿಂತ 108 ಬರುವಷ್ಟು ಹತ್ತಿರವಿದ್ದರೆ ಅದಕ್ಕೇ ಕಾಯುವುದು, ಹತ್ತಿರದ ಸ್ಕ್ಯಾನಿಂಗ್ ಇರುವ ಆಸ್ಪತ್ರೆಯಲ್ಲಿ ಉಸಿರು, ಬಿಪಿ ಸ್ಥಿರ ಮಾಡಿಸಿಕೊಂಡು ಮುಂದೆ ಹೋಗುವುದು ಒಳ್ಳೆಯದು.

ಆಸ್ಪತ್ರೆಯ ಚೀಟಿಯಲ್ಲಿ 'ಜಿಸಿಎಸ್' ಅಂತ ಒಂದು ಅಂಕಿ ಬರೆದಿರುತ್ತಾರೆ. 1974ರಲ್ಲಿ ಗ್ಲಾಸ್ಗೋದ ಇಬ್ಬರು ವೈದ್ಯರು ಮಾಡಿದ ಅಳತೆ ಇದು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ. 13ಕ್ಕಿಂತ ಮೇಲಿದ್ದರೆ ಅಥವಾ 13 ಇದ್ದರೆ ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 8 ಮತ್ತು ಕೆಳಗೆ ತೀವ್ರ. ಒಂದೇ ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನೋದು ದೊಡ್ಡ ಸುದ್ದಿ. ಬಿದ್ದವನು ಎದ್ದು ಕೂತು ಮಾತಾಡಿ, ಎರಡು ಗಂಟೆ ಬಿಟ್ಟು ವಾಂತಿ ಮಾಡಿ ತೂಕಡಿಸಲು ಶುರು ಮಾಡಿದರೆ 'ಸುಸ್ತು, ಮಲಗಲಿ' ಅಂತ ಬಿಡಬಾರದು.

ಔಷಧದ ವಿಷಯದಲ್ಲಿ ಎರಡು ದೊಡ್ಡ ಅಧ್ಯಯನಗಳಿವೆ. ತಲೆಗೆ ಪೆಟ್ಟಾದವರಿಗೆ ಊತ ಇಳಿಯಲಿ ಎಂದು ಸ್ಟೀರಾಯ್ಡ್ ಕೊಡುವುದು ದಶಕಗಟ್ಟಲೆ ನಡೆದಿತ್ತು. 'ಕ್ರ್ಯಾಶ್' ಎಂಬ ಅಧ್ಯಯನದಲ್ಲಿ 10,008 ಮಂದಿಯ ಮೇಲೆ ಪರೀಕ್ಷಿಸಿದಾಗ, 2004ರಲ್ಲಿ ಗೊತ್ತಾದದ್ದು ಉಲ್ಟಾ: ಎರಡು ವಾರದೊಳಗೆ ಸತ್ತವರು ಸ್ಟೀರಾಯ್ಡ್ ಪಡೆದವರಲ್ಲಿ ಶೇ. 21.1, ಪಡೆಯದವರಲ್ಲಿ ಶೇ. 17.9. ಇನ್ನೊಂದು ಟ್ರಾನೆಕ್ಸಾಮಿಕ್ ಆಸಿಡ್, ರಕ್ತಸ್ರಾವ ತಡೆಯುವ ಹಳೆಯ ಇಂಜೆಕ್ಷನ್, ಹೆರಿಗೆ ವಾರ್ಡಿನಲ್ಲೂ ಬಳಸುತ್ತಾರೆ. 12,737 ಮಂದಿಯ 'ಕ್ರ್ಯಾಶ್–3' ಫಲಿತಾಂಶ 2019ರಲ್ಲಿ ಬಂತು. ಸಣ್ಣ ಮತ್ತು ಮಧ್ಯಮ ಪೆಟ್ಟಿನವರಿಗೆ ಮೂರು ಗಂಟೆಯೊಳಗೆ ಕೊಟ್ಟರೆ ಸಾವು ಕಮ್ಮಿಯಾಗುತ್ತದೆ, ತೀವ್ರ ಪೆಟ್ಟಿನವರಿಗೆ ಸ್ಪಷ್ಟ ಲಾಭ ಕಾಣಲಿಲ್ಲ. ಕಂಬಂನಿಂದ ಮದುರೈ ತಲುಪುವಷ್ಟರಲ್ಲಿ ಈ ಮೂರು ಗಂಟೆಯ ದೊಡ್ಡ ಪಾಲು ಮುಗಿದಿರುತ್ತದೆ.

ಮನೆಯವರನ್ನು ನಿಜಕ್ಕೂ ಕಂಗೆಡಿಸುವುದು ಆಪರೇಷನ್ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ವೈದ್ಯರು ಬಂದು 'ತಲೆಬುರುಡೆಯ ಒಂದು ತುಂಡು ತೆಗೆದು ಒತ್ತಡ ಇಳಿಸಬೇಕು, ಸಹಿ ಹಾಕಿ' ಅನ್ನುತ್ತಾರೆ. ಅಣ್ಣ ಊರಲ್ಲಿ, ಬಾಪ ಗಲ್ಫ್‌ನಲ್ಲಿ, ಸಹಿ ಹಾಕಬೇಕಾದವನು ಇಪ್ಪತ್ತೆರಡರ ಹುಡುಗ. ಅವನಿಗೆ ಏನು ಕೇಳಬೇಕೆಂದೇ ತೋಚದು.

ಈ ಬಗ್ಗೆ ಸಂಶೋಧನೆ ಏನು ಹೇಳುತ್ತದೆ? 2011ರ 'ಡೆಕ್ರಾ' ಅಧ್ಯಯನದಲ್ಲಿ ಬೇಗನೇ ಬುರುಡೆ ತೆರೆದಾಗ ಒತ್ತಡ ಇಳಿಯಿತು, ಆದರೆ ಆರು ತಿಂಗಳ ನಂತರ ರೋಗಿಗಳ ಸ್ಥಿತಿ ಉತ್ತಮವಾಗಿರಲಿಲ್ಲ, ಹಾಳಾಗಿತ್ತು. 2016ರ 'ರೆಸ್ಕ್ಯೂ ಐಸಿಪಿ'ಯಲ್ಲಿ ಬೇರೆ ಯಾವುದಕ್ಕೂ ಒತ್ತಡ ಬಗ್ಗದ 408 ಮಂದಿ ಇದ್ದರು. ಆರು ತಿಂಗಳಲ್ಲಿ ಸಾವು, ಔಷಧ ಮಾತ್ರ ಕೊಟ್ಟವರಲ್ಲಿ ಶೇ. 48.9, ಆಪರೇಷನ್ ಆದವರಲ್ಲಿ ಶೇ. 26.9. ಎಷ್ಟು ದೊಡ್ಡ ವ್ಯತ್ಯಾಸ! ಆದರೆ ಲೆಕ್ಕದ ಇನ್ನೊಂದು ಕಾಲಂ ನೋಡಬೇಕು. ಜೀವವಿದ್ದೂ ಪ್ರಜ್ಞೆಯಿಲ್ಲದೆ ಉಳಿದವರು ಶೇ. 2.1ರಿಂದ 8.5ಕ್ಕೆ ಏರಿದರು, ಎಲ್ಲದಕ್ಕೂ ಇನ್ನೊಬ್ಬರನ್ನು ಅವಲಂಬಿಸಿದವರು ಶೇ. 14.4ರಿಂದ 21.9ಕ್ಕೆ. ಚೆನ್ನಾಗಿ ಚೇತರಿಸಿಕೊಂಡವರ ಪ್ರಮಾಣ ಎರಡೂ ಕಡೆ ಹೆಚ್ಚು ಕಮ್ಮಿ ಒಂದೇ. ಒಂದು ವರ್ಷ ಕಳೆದಾಗ ಚಿತ್ರ ಸ್ವಲ್ಪ ಬದಲಾಯಿತು: ಕನಿಷ್ಠ ಮನೆಯೊಳಗಾದರೂ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರು ಆಪರೇಷನ್ ಗುಂಪಿನಲ್ಲಿ ಶೇ. 45.4, ಇನ್ನೊಂದರಲ್ಲಿ ಶೇ. 32.4. ಅಂದರೆ ಆಪರೇಷನ್ ಜೀವ ಉಳಿಸುತ್ತದೆ, ಮೊದಲಿನ ಮನುಷ್ಯನನ್ನೇ ವಾಪಸ್ ಕೊಡುತ್ತದೆ ಎಂಬ ಭರವಸೆ ಇಲ್ಲ. ಸಹಿ ಹಾಕುವ ಮೊದಲು 'ಉಳಿದರೆ ಹೇಗೆ ಉಳಿಯಬಹುದು, ಒಂದು ವರ್ಷದಲ್ಲಿ ಏನು ನಿರೀಕ್ಷಿಸಬಹುದು' ಅಂತ ಕೇಳುವುದು ವೈದ್ಯರಿಗೆ ಅಗೌರವವಲ್ಲ. ಮೆದುಳಿನ ಮೇಲ್ಪದರದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಮಾತು ಬೇರೆ, ಅದನ್ನು ತೆಗೆಯಲು ತಡಮಾಡಬಾರದು. ತೆಗೆದ ಮೇಲೆ ಮೂಳೆಯನ್ನು ಕೂಡಲೇ ವಾಪಸ್ ಇಡಬೇಕೋ ಬೇಡವೋ ಎಂಬುದನ್ನು 2023ರ ಅಧ್ಯಯನವೊಂದು ಹೋಲಿಸಿತು, ಫಲಿತಾಂಶ ಹತ್ತಿರಹತ್ತಿರ ಒಂದೇ ಬಂತು.

ಬೆನ್ನುಹುರಿಯ ವಿಷಯದಲ್ಲಿ ಹೆಚ್ಚಿನ ಕೆಡುಕು ಆಗುವುದು ರಸ್ತೆಯಲ್ಲೇ. ಇಬ್ಬರು ಕೈ, ಇಬ್ಬರು ಕಾಲು ಹಿಡಿದು ಜೋಲಿಯಂತೆ ಎತ್ತುವುದು, ತಲೆ ಎತ್ತಿ ನೀರು ಕುಡಿಸುವುದು, ಆಟೋದಲ್ಲಿ ಮಡಚಿ ಕೂರಿಸುವುದು. ಕುತ್ತಿಗೆಯ ಮೂಳೆ ಮುರಿದಿದ್ದರೆ ಆ ಒಂದು ಎಳೆತಕ್ಕೇ ಕೈಕಾಲು ಹೋಗಬಹುದು. ಬೆಂಕಿ, ವಾಹನದ ಅಪಾಯ ಇಲ್ಲದಿದ್ದರೆ ಕದಲಿಸದೆ ತಲೆಯನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿ, ಎತ್ತಲೇಬೇಕಾದರೆ ಹಲಗೆಯ ಮೇಲೆ ಮೈಯೆಲ್ಲಾ ಒಟ್ಟಿಗೆ ಹೊರಳಿಸಬೇಕು. ಒತ್ತಿಕೊಂಡ ಬೆನ್ನುಹುರಿಯನ್ನು 24 ಗಂಟೆಯೊಳಗೆ ಆಪರೇಷನ್ ಮಾಡಿ ಬಿಡಿಸಿದರೆ ಚೇತರಿಕೆ ಉತ್ತಮ ಎಂದು 2012ರ ಅಧ್ಯಯನ ಹೇಳಿತ್ತು, 2021ರಲ್ಲಿ 1,548 ರೋಗಿಗಳ ವಿಶ್ಲೇಷಣೆಯೂ ಅದನ್ನೇ ಹೇಳಿತು.

ಪಾರ್ಶ್ವವಾಯುವಿಗೂ ಗಡಿಯಾರದ್ದೇ ಲೆಕ್ಕ, ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದು, ಕೆಲವು ವಾರ ಬಿಟ್ಟು ಮಾತು ತಪ್ಪಿದರೆ, ನಡಿಗೆ ವಾಲಿದರೆ ಅರಳು ಮರಳು ಅಂದುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ನಿಧಾನವಾಗಿ ಸೇರಿದ ರಕ್ತ ಇರಬಹುದು, ಸ್ಕ್ಯಾನ್ ಮಾಡಿಸಿ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಾದರೆ ಖಂಡಿತ.

ಇನ್ನು ದುಡ್ಡಿನ ಮಾತು. ಅಪಘಾತದ ಮೊದಲ 48 ಗಂಟೆಯ ಚಿಕಿತ್ಸೆಯನ್ನು ಸರಕಾರ ಭರಿಸುವ 'ಹರೀಶ್ ಸಾಂತ್ವನ' ಯೋಜನೆ ಕರ್ನಾಟಕದಲ್ಲಿ 2016ರಲ್ಲೇ ಬಂತು, ಮಿತಿ 25,000 ರೂಪಾಯಿ. ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ತುಂಡಾದರೂ ಅಂಗದಾನ ಮಾಡಿ ಎಂದು ಬೇಡಿಕೊಂಡ ಯುವಕನ ಹೆಸರು ಅದಕ್ಕೆ. ತಮಿಳುನಾಡಿನಲ್ಲಿ 2021ರ ಡಿಸೆಂಬರ್ 18ರಂದು 'ಇನ್ನುಯಿರ್ ಕಾಪ್ಪೋಂ – ನಮ್ಮೈ ಕಾಕ್ಕುಂ 48' ಶುರುವಾಯಿತು, ಆಗಿನ ಮಿತಿ 1 ಲಕ್ಷ ರೂಪಾಯಿ. ಅಪಘಾತ ತಮಿಳುನಾಡಿನ ಗಡಿಯೊಳಗೆ ಆಗಿದ್ದರೆ ಗಾಯಾಳು ಯಾವ ರಾಜ್ಯದವನಾದರೂ ಸೌಲಭ್ಯ ಇದೆ. ಕೆಎ ನಂಬರಿನ ಲಾರಿ ಓಡಿಸುವ ಹುಡುಗರಿಗೆ ಇದು ಗೊತ್ತಿರಬೇಕು. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯೂ ಇದೆ, ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನ, 1.5 ಲಕ್ಷದವರೆಗೆ.

ಗಾಯಾಳುವನ್ನು ಸೇರಿಸಿದವರಿಗೆ ಪೊಲೀಸ್ ಕಾಟ ಎಂಬ ಭಯ ಇನ್ನೂ ಹೋಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ಅಂಥವರಿಗೆ ರಕ್ಷಣೆ ಕೊಟ್ಟಿದೆ, ಹೆಸರು ವಿಳಾಸ ಹೇಳಲೇಬೇಕೆಂದು ಒತ್ತಾಯ ಮಾಡುವಂತಿಲ್ಲ. ತಮಿಳು ಬಾರದಿದ್ದರೂ 108ಕ್ಕೆ ಫೋನ್ ಮಾಡಬಹುದು. ಅಪಘಾತಕ್ಕೆ ಅಲ್ಲಿ 'ವಿಬತ್ತು' ಅನ್ನುತ್ತಾರೆ, ನಮ್ಮ ವಿಪತ್ತೇ ಅದು. ಜೊತೆಗೆ ಹತ್ತಿರದ ಊರಿನ ಹೆಸರು, ಕಿಲೋಮೀಟರ್ ಕಲ್ಲಿನ ಮೇಲಿರುವ ಅಂಕಿ, ಗಾಯಾಳು ಮಾತಾಡುತ್ತಿದ್ದಾನೋ ಇಲ್ಲವೋ, ಇಷ್ಟು ಹೇಳಿ.