ಸೆಲ್ಫ್ ತಿರುಗಿದರೂ ಕಾರು ಸ್ಟಾರ್ಟ್ ಆಗದಿದ್ದರೆ...

ಕೀಲಿ ತಿರುಗಿಸಿದೊಡನೆ ಸೆಲ್ಫ್ ಎಂದಿನಂತೆ ತಿರುಗುತ್ತದೆ. ಆದರೆ ಎಂಜಿನ್ ಮಾತ್ರ ಹೊತ್ತಿಕೊಳ್ಳುವುದಿಲ್ಲ. ಸಿಗ್ನಲ್‌ನಲ್ಲಿ ನಿಂತ ಕಾರು ಹೀಗೆ ಮುಷ್ಕರ ಹೂಡಿದರೆ ಹಿಂದಿನ ವಾಹನಗಳ ಹಾರ್ನ್ ಸದ್ದಿಗೆ ಚಾಲಕ ಕಂಗಾಲಾಗುವುದು ಸಹಜ. ನೆರೆದವರಲ್ಲಿ ಒಬ್ಬರು ಬ್ಯಾಟರಿ ಹೋಗಿದೆ ಎನ್ನುತ್ತಾರೆ, ಮತ್ತೊಬ್ಬರು ತಳ್ಳಿ ನೋಡೋಣ ಎನ್ನುತ್ತಾರೆ. ಈ ಎರಡೂ ಸಲಹೆಗಳಿಂದ ಹೆಚ್ಚಿನ ಸಂದರ್ಭಗಳಲ್ಲಿ ಪ್ರಯೋಜನವಿಲ್ಲ.

ಕಾರಣ ಸರಳ. ಬ್ಯಾಟರಿಯ ವಿದ್ಯುತ್ ಪಡೆದು ಎಂಜಿನ್ನನ್ನು ಮೊದಲು ತಿರುಗಿಸುವುದು ಸ್ಟಾರ್ಟರ್ ಮೋಟಾರ್‌ನ ಕೆಲಸ. ಕಾರನ್ನು ತಳ್ಳುವುದೆಂದರೆ ಅದೇ ಕೆಲಸವನ್ನು ಜನರ ಬಲದಿಂದ ಮಾಡಿಸುವುದು. ಸೆಲ್ಫ್ ಚುರುಕಾಗಿ ತಿರುಗುತ್ತಿದೆ ಎಂದಾದರೆ ಆ ಕೆಲಸ ಆಗಲೇ ನಡೆಯುತ್ತಿದೆ ಎಂದೇ ಅರ್ಥ. ದೋಷ ಇರುವುದು ಅದರ ಮುಂದಿನ ಹಂತದಲ್ಲಿ.

ಬೇಕಾದುದು ಮೂರು

ಪೆಟ್ರೋಲ್ ಎಂಜಿನ್ ಚಾಲನೆಗೊಳ್ಳಲು ತಕ್ಕ ಪ್ರಮಾಣದ ಗಾಳಿ ಮತ್ತು ಇಂಧನದ ಮಿಶ್ರಣ, ಅದನ್ನು ಒತ್ತುವ ಸಂಪೀಡನ ಹಾಗೂ ಸರಿಯಾದ ಕ್ಷಣದಲ್ಲಿ ಬೀಳುವ ಕಿಡಿ ಬೇಕು. ಸೆಲ್ಫ್ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಈ ಮೂರರಲ್ಲಿ ಒಂದು ಕೈಕೊಟ್ಟಿದೆ ಎಂದು ತಿಳಿಯಬೇಕು. ಯಾವುದೆಂದು ಪತ್ತೆಹಚ್ಚಲು ಬಾನೆಟ್ ತೆರೆಯುವ ಮೊದಲೇ ಕಣ್ಣು, ಕಿವಿ ಮತ್ತು ಮೂಗು ಸಾಕಷ್ಟು ಸುಳಿವು ನೀಡುತ್ತವೆ.

ಮೊದಲು ಸೆಲ್ಫ್‌ನ ಸದ್ದನ್ನು ಗಮನಿಸಬೇಕು. ಅದು ಎಳೆದೆಳೆದು ನಿಧಾನವಾಗಿ ತಿರುಗಿದರೆ ಬ್ಯಾಟರಿ ದುರ್ಬಲವಾಗಿದೆ ಅಥವಾ ಟರ್ಮಿನಲ್‌ಗಳು ಸಡಿಲಗೊಂಡಿವೆ ಎಂದರ್ಥ. ಆಗ ಮಾತ್ರ ಬ್ಯಾಟರಿಯ ಮೇಲೆ ಅನುಮಾನ ಪಡುವುದು ನ್ಯಾಯ. ತದ್ವಿರುದ್ಧವಾಗಿ, ಯಾವ ಅಡೆತಡೆಯೂ ಇಲ್ಲದಂತೆ ಎಂದಿಗಿಂತ ಹಗುರವಾಗಿ, ವೇಗವಾಗಿ ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿ ಸಂಪೀಡನವೇ ಇಲ್ಲವಾಗಿರಬಹುದು. ಓಡುತ್ತಿದ್ದ ಕಾರು ಥಟ್ಟನೆ ನಿಂತು ಇಂತಹ ಸದ್ದು ಬಂದರೆ ಮತ್ತೆ ಕೀಲಿ ತಿರುಗಿಸಲೇಬಾರದು. ಅನೇಕ ಎಂಜಿನ್‌ಗಳಲ್ಲಿ ಹೀಗೆ ತಿರುಗಿಸುವುದರಿಂದ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಹಾನಿ ಹೆಚ್ಚುತ್ತದೆ. ಬೆಲ್ಟ್‌ಗೆ ಬದಲಾಗಿ ಚೈನ್ ಇರುವ ಕಾರುಗಳಲ್ಲಿ ಈ ತೊಂದರೆ ವಿರಳ.

ಕೀಲಿಯನ್ನೇ ಗುರುತಿಸದ ಕಾರು

ಇತ್ತೀಚಿನ ಬಹುತೇಕ ಕಾರುಗಳಲ್ಲಿ ಕಳ್ಳತನ ತಡೆಯಲು ಇಮ್ಮೊಬಿಲೈಸರ್ ವ್ಯವಸ್ಥೆ ಇದೆ. ಕೀಲಿಯೊಳಗಿನ ಚಿಪ್ಪನ್ನು ಗುರುತಿಸಲಾಗದಿದ್ದರೆ ಹಲವು ಮಾದರಿಗಳಲ್ಲಿ ಸೆಲ್ಫ್ ತಿರುಗಿದರೂ ಇಂಧನ ಅಥವಾ ಕಿಡಿ ಕಡಿತಗೊಳ್ಳುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಕೀಲಿ ಅಥವಾ ಬೀಗದ ಚಿತ್ರವಿರುವ ದೀಪ ಮಿನುಗುತ್ತಿದ್ದರೆ ಇದೇ ಕಾರಣವಿರಬಹುದು. ಗೊಂಚಲಿನಲ್ಲಿರುವ ಇತರ ಕೀಲಿಗಳನ್ನು ಬೇರ್ಪಡಿಸಿ ಪ್ರಯತ್ನಿಸುವುದು, ಮನೆಯಲ್ಲಿರುವ ಎರಡನೇ ಕೀಲಿಯನ್ನು ತರಿಸುವುದು ಖರ್ಚಿಲ್ಲದ ಪರೀಕ್ಷೆ.

ಪಂಪಿನ ಗುಂಯ್ ಸದ್ದು

ಮುಂದಿನದು ಇಂಧನ. ಮುಳ್ಳು ತೋರಿಸುವುದನ್ನೇ ನಂಬದೆ ಟ್ಯಾಂಕಿನಲ್ಲಿ ಪೆಟ್ರೋಲ್ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಬಳಿಕ ರೇಡಿಯೋ, ಫ್ಯಾನ್ ನಿಲ್ಲಿಸಿ, ಸೆಲ್ಫ್ ಹೊಡೆಯದೆ ಕೀಲಿಯನ್ನು 'ಆನ್' ಸ್ಥಾನಕ್ಕೆ ಮಾತ್ರ ತಿರುಗಿಸಬೇಕು. ಇಂಜೆಕ್ಷನ್ ವ್ಯವಸ್ಥೆಯ ಪೆಟ್ರೋಲ್ ಕಾರುಗಳಲ್ಲಿ ಹಿಂಬದಿ ಆಸನದ ಕೆಳಗಿನಿಂದ ಸುಮಾರು 2 ಸೆಕೆಂಡು ಕಾಲ ಗುಂಯ್ ಎಂಬ ಸದ್ದು ಸಾಮಾನ್ಯವಾಗಿ ಕೇಳಿಸುತ್ತದೆ. ಅದು ಇಂಧನ ಪಂಪ್. ಸದ್ದಿಲ್ಲವಾದರೆ ಪಂಪ್, ಅದರ ಫ್ಯೂಸ್ ಅಥವಾ ರಿಲೇ ಕೆಟ್ಟಿರಬಹುದು. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲಿನ ನಕ್ಷೆ ನೋಡಿ ಫ್ಯೂಸ್ ಪರೀಕ್ಷಿಸಬಹುದು. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನ ಹೊಸ ಫ್ಯೂಸ್ ಹಾಕಬೇಕೇ ಹೊರತು ತಂತಿಯ ತುಂಡು ಸುತ್ತಿ ಕೆಲಸ ಸಾಗಿಸಬಾರದು. ಹಾಗೆ ಮಾಡುವುದು ಬೆಂಕಿಗೆ ಆಹ್ವಾನ.

ಟ್ಯಾಂಕಿನೊಳಗೆ ಮುಳುಗಿರುವ ಈ ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲ್. ಸದಾ ರಿಸರ್ವ್‌ನಲ್ಲೇ ಕಾರು ಓಡಿಸುವವರ ಪಂಪ್ ಬೇಗ ಸವೆಯಲು ಇದೇ ಕಾರಣ. ಕಾಲು ಟ್ಯಾಂಕ್‌ಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದು ಒಳ್ಳೆಯದು.

ಪಂಪ್ ಸರಿಯಿದ್ದು, ಪೆಟ್ರೋಲ್ ವಾಸನೆ ಗಾಢವಾಗಿ ಬರುತ್ತಿದ್ದರೆ ಎಂಜಿನ್ 'ಓವರ್' ಆಗಿರಬಹುದು. ಅಂದರೆ ಸಿಲಿಂಡರ್‌ಗಳಲ್ಲಿ ಇಂಧನ ಹೆಚ್ಚಾಗಿ ಸ್ಪಾರ್ಕ್ ಪ್ಲಗ್‌ಗಳು ನೆನೆದಿವೆ. ಕೆಲವು ನಿಮಿಷ ಬಿಟ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಐದಾರು ಸೆಕೆಂಡು ಸೆಲ್ಫ್ ಹೊಡೆಯಬೇಕು. ಆಗ ಹೆಚ್ಚಿನ ಇಂಜೆಕ್ಷನ್ ಕಾರುಗಳ ಕಂಪ್ಯೂಟರ್ ಇಂಧನವನ್ನು ತಡೆದು ಗಾಳಿಯನ್ನಷ್ಟೇ ಒಳಬಿಡುತ್ತದೆ. ಎಂಜಿನ್ ಹೊತ್ತಿಕೊಂಡ ಕೂಡಲೇ ಕಾಲು ತೆಗೆಯಬೇಕು. ಆದರೆ ಕಾರಿನ ಅಡಿಯಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಈ ಪ್ರಯತ್ನಕ್ಕೆ ಕೈಹಾಕದೆ ಎಲ್ಲರೂ ಕಾರಿನಿಂದ ದೂರ ಸರಿಯಬೇಕು.

ಕಿಡಿ, ಸೆನ್ಸರ್ ಮತ್ತು ಇಲಿ

ಪ್ಲಗ್‌ನ ತಂತಿ ಕಿತ್ತು ಲೋಹಕ್ಕೆ ತಾಗಿಸಿ ಕಿಡಿ ನೋಡುವುದು ಹಳೆಯ ಕಾರುಗಳ ಕಾಲದ ರೂಢಿ. ಇಂದಿನ ಇಗ್ನಿಷನ್ ಕಾಯಿಲ್‌ಗಳು ಸಾವಿರಾರು ವೋಲ್ಟ್ ಉತ್ಪಾದಿಸುವುದರಿಂದ ಈ ಪರೀಕ್ಷೆಯನ್ನು ಮೆಕ್ಯಾನಿಕ್‌ಗೆ ಬಿಡುವುದೇ ಕ್ಷೇಮ.

ಚಾಲಕ ಗಮನಿಸಬಹುದಾದ ಸುಳಿವೊಂದಿದೆ. ದೂರ ಪ್ರಯಾಣದಲ್ಲಿ ಬಿಸಿಯಾದ ಕಾರು ನಿಂತು, ಅರ್ಧ ಗಂಟೆ ತಣಿದ ಮೇಲೆ ತಾನಾಗಿಯೇ ಸ್ಟಾರ್ಟ್ ಆದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬೇಕು. ಎಂಜಿನ್ ಯಾವ ಸ್ಥಿತಿಯಲ್ಲಿ ತಿರುಗುತ್ತಿದೆ ಎಂದು ಕಂಪ್ಯೂಟರ್‌ಗೆ ತಿಳಿಸುವ ಪುಟ್ಟ ಸಾಧನವಿದು. ಇದರ ಸಂಕೇತ ನಿಂತರೆ ಅನೇಕ ಕಾರುಗಳಲ್ಲಿ ಕಿಡಿಯೂ ಇಂಧನವೂ ಒಟ್ಟಿಗೆ ನಿಲ್ಲುತ್ತವೆ. ಒಮ್ಮೆ ಸ್ಟಾರ್ಟ್ ಆಯಿತೆಂದು ನಿರ್ಲಕ್ಷಿಸಿದರೆ ಘಾಟಿಯ ತಿರುವಿನಲ್ಲೇ ಮತ್ತೆ ಕೈಕೊಡಬಹುದು.

ಕೆಲವು ದಿನ ನಿಲ್ಲಿಸಿದ್ದ ಕಾರಾದರೆ ಬಾನೆಟ್ ತೆರೆದು ತಂತಿಗಳನ್ನು ನೋಡಬೇಕು. ನಗರಗಳಲ್ಲಿ ಇಲಿ, ಹೆಗ್ಗಣಗಳು ಎಂಜಿನ್‌ನ ತಂತಿಗಳನ್ನು ಕಡಿದುಹಾಕುವುದು ಸಾಮಾನ್ಯ ಸಂಗತಿ.

ಡೀಸೆಲ್ ಕಾರಿನ ಕಥೆ ಬೇರೆ

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಲ್ಪಟ್ಟ ಗಾಳಿಯ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಚಳಿಯ ಮುಂಜಾವಿನಲ್ಲಿ ಸುರುಳಿ ಚಿತ್ರದ ದೀಪ ಆರಿದ ಬಳಿಕವೇ ಸೆಲ್ಫ್ ಹೊಡೆಯಬೇಕು. ಟ್ಯಾಂಕ್ ಪೂರ್ತಿ ಬರಿದಾದರೆ ಕೊಳವೆಗಳಲ್ಲಿ ಗಾಳಿ ಸೇರಿ, ಮತ್ತೆ ಡೀಸೆಲ್ ತುಂಬಿದರೂ ಎಂಜಿನ್ ಹೊತ್ತಿಕೊಳ್ಳದು. ಕೈಪಂಪ್ ಇರುವ ಕಾರುಗಳಲ್ಲಿ ಅದು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯಬಹುದು. ಆದರೆ ಕಾಮನ್ ರೈಲ್ ಎಂಜಿನ್‌ನ ಅಧಿಕ ಒತ್ತಡದ ಕೊಳವೆಗಳನ್ನು ಸಡಿಲಿಸುವ ಸಾಹಸ ಬೇಡ. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ಭೇದಿಸಬಲ್ಲದು.

ನೀರು ಹೊಕ್ಕ ಎಂಜಿನ್

ಇಲ್ಲಿಯವರೆಗೆ ಹೇಳಿದ ಯಾವ ಪರೀಕ್ಷೆಯೂ ನೀರಿನಲ್ಲಿ ನಿಂತ ಕಾರಿಗೆ ಅನ್ವಯಿಸದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರ ವರ್ತುಲ ರಸ್ತೆಯ ಸುತ್ತಮುತ್ತ ಮಳೆನೀರು ನುಗ್ಗಿ ಅನೇಕ ಕಾರುಗಳು ಮುಳುಗಿದ್ದವು. ಇಂತಹ ಕಾರಿನ ಸಿಲಿಂಡರ್‌ನೊಳಗೆ ನೀರು ಸೇರಿದ್ದಾಗ ಸೆಲ್ಫ್ ಹೊಡೆದರೆ ಗಾಳಿಯಂತೆ ನೀರು ಕುಗ್ಗದ ಕಾರಣ ಪಿಸ್ಟನ್‌ನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ತೆಗೆದು, ಒಣಗಿಸಿ, ಆಯಿಲ್ ಬದಲಿಸಿದರೆ ಉಳಿಯುತ್ತಿದ್ದ ಎಂಜಿನ್ ಒಂದೇ ಪ್ರಯತ್ನದಲ್ಲಿ ನಿರುಪಯುಕ್ತವಾಗಬಹುದು. 'ಎಂಜಿನ್ ಪ್ರೊಟೆಕ್ಟ್' ಎಂಬ ಹೆಚ್ಚುವರಿ ರಕ್ಷಣೆ ಪಡೆಯದವರಿಗೆ ಈ ನಷ್ಟಕ್ಕೆ ವಿಮಾ ಪರಿಹಾರ ದೊರೆಯುವುದು ಕಷ್ಟ. ಆದ್ದರಿಂದ ನೀರಿನಲ್ಲಿ ನಿಂತ ಕಾರಿನ ಕೀಲಿ ಮುಟ್ಟದೆ ಟೋಯಿಂಗ್ ವಾಹನ ಕರೆಸುವುದೇ ಸರಿಯಾದ ಮಾರ್ಗ.

ಎಲ್ಲಿ ನಿಲ್ಲಿಸಬೇಕು?

ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ಎರಡು ಪ್ರಯತ್ನಗಳ ನಡುವೆ ಅರ್ಧ ನಿಮಿಷವಾದರೂ ಬಿಡುವಿರಲಿ. ನಾಲ್ಕಾರು ಪ್ರಯತ್ನಗಳಿಗೂ ಎಂಜಿನ್ ಮಣಿಯದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಬ್ಯಾಟರಿ ಬರಿದಾಗುತ್ತದೆ, ಸ್ಟಾರ್ಟರ್ ಬಿಸಿಯಾಗುತ್ತದೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ಮಾರ್ಗದ ಕೆಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೂ ಕೆಡಿಸಬಹುದು. ತಳ್ಳಿ ಸ್ಟಾರ್ಟ್ ಮಾಡಲು ಹೋದರೂ ಇದೇ ಅಪಾಯ. ಆಟೊಮ್ಯಾಟಿಕ್ ಗೇರಿನ ಕಾರುಗಳನ್ನಂತೂ ಹಾಗೆ ಸ್ಟಾರ್ಟ್ ಮಾಡಲು ಬರುವುದೇ ಇಲ್ಲ.

ರಸ್ತೆಯಲ್ಲಿ ನಿಂತಾಗ ಮೊದಲು ಹಜಾರ್ಡ್ ದೀಪ ಹಾಕಿ, ಕಾರಿನ ಹಿಂದೆ ಸಾಕಷ್ಟು ದೂರದಲ್ಲಿ ಪ್ರತಿಫಲಕ ತ್ರಿಕೋನ ಇಟ್ಟು, ಪ್ರಯಾಣಿಕರನ್ನು ರಸ್ತೆಯಂಚಿನಿಂದಾಚೆ ಕಳುಹಿಸಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಂಖ್ಯೆಗೆ ಕರೆ ಮಾಡಿ ನೆರವು ಕೋರಬಹುದು.

ಮೆಕ್ಯಾನಿಕ್ ಬಂದಾಗ 'ಸ್ಟಾರ್ಟ್ ಆಗುತ್ತಿಲ್ಲ' ಎಂದಷ್ಟೇ ಹೇಳಿದರೆ ಸಾಲದು. ಸೆಲ್ಫ್ ಯಾವ ವೇಗದಲ್ಲಿ ತಿರುಗಿತು, ಪಂಪಿನ ಸದ್ದು ಕೇಳಿಸಿತೇ, ಯಾವ ದೀಪ ಮಿನುಗಿತು, ಪೆಟ್ರೋಲ್ ವಾಸನೆ ಬಂದಿತೇ, ಕಾರು ಬಿಸಿಯಿದ್ದಾಗ ನಿಂತಿತೇ ಅಥವಾ ಬೆಳಿಗ್ಗೆಯೇ ಹೊರಡಲಿಲ್ಲವೇ ಎಂಬ ಐದು ವಿವರಗಳನ್ನು ತಿಳಿಸಬೇಕು. ಇಷ್ಟು ಗೊತ್ತಾದರೆ ಅನಗತ್ಯವಾಗಿ ಹೊಸ ಬ್ಯಾಟರಿ ಕೊಳ್ಳುವ ಪ್ರಮೇಯ ಬರುವುದಿಲ್ಲ.