ಮಳೆಗಾಲದಲ್ಲಿ ಲಾರಿಗಳು ರಸ್ತೆಯ ಹಿಡಿತ ತಪ್ಪುವುದು: ಕಾರಣಗಳು ಮತ್ತು ಮುನ್ನೆಚ್ಚರಿಕೆ ಕ್ರಮಗಳು

ರಾಜ್ಯದಲ್ಲಿ ನೈರುತ್ಯ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ. ಈ ಅವಧಿಯಲ್ಲಿ ಮಂಗಳೂರು ಮತ್ತು ಒಳನಾಡಿನ ನಡುವೆ ಸರಕು ಸಾಗಿಸುವ ಲಾರಿ, ಟ್ಯಾಂಕರ್ ಹಾಗೂ ಟ್ರೇಲರ್‌ಗಳು ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿಯಂತಹ ಕಡಿದಾದ ಮಾರ್ಗಗಳಲ್ಲಿ ಸಂಚರಿಸಬೇಕಾಗುತ್ತದೆ. ಹಿಡಿತ ತಪ್ಪಿದ ಭಾರೀ ವಾಹನವು ತನ್ನ ಚಾಲಕನೊಂದಿಗೆ ಎದುರಿನಿಂದ ಬರುವವರ ಪ್ರಾಣಕ್ಕೂ ಅಪಾಯ ತರುತ್ತದೆ. ಚಾಲಕರ ಹಾಗೂ ಮಾಲೀಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಹಿಡಿತ ತಪ್ಪಲು ಕಾರಣಗಳು

ಬೇಸಿಗೆಯಲ್ಲಿ ರಸ್ತೆಯ ಮೇಲೆ ಸಂಗ್ರಹವಾದ ಎಣ್ಣೆ, ಧೂಳು ಮತ್ತು ರಬ್ಬರಿನ ಪುಡಿಯು ಮೊದಲ ಮಳೆಯ ನೀರಿನೊಂದಿಗೆ ಬೆರೆತು ಜಾರುವ ಪದರವಾಗುತ್ತದೆ. ಆದುದರಿಂದ ಮಳೆ ಆರಂಭವಾದ ಮೊದಲ ಕೆಲವು ನಿಮಿಷಗಳು ವಿಶೇಷವಾಗಿ ಅಪಾಯಕಾರಿ.

ಒಣ ಡಾಂಬರು ರಸ್ತೆಯಲ್ಲಿ ಸುಮಾರು 0.7 ಇರುವ ಘರ್ಷಣಾಂಕವು ಒದ್ದೆಯಾದಾಗ ಸುಮಾರು 0.4ಕ್ಕೆ ಇಳಿಯಬಹುದು. ಈ ಲೆಕ್ಕದಂತೆ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದ ವಾಹನವು ಬ್ರೇಕ್ ಹಿಡಿದ ನಂತರ ನಿಲ್ಲಲು ಒಣ ರಸ್ತೆಯಲ್ಲಿ 20 ಮೀಟರ್ ಬೇಕಾದರೆ, ಒದ್ದೆ ರಸ್ತೆಯಲ್ಲಿ 35 ಮೀಟರ್ ಬೇಕಾಗುತ್ತದೆ. ವೇಗವನ್ನು 40 ಕಿ.ಮೀ.ಗೆ ಇಳಿಸಿದಲ್ಲಿ ಒದ್ದೆ ರಸ್ತೆಯಲ್ಲೂ 16 ಮೀಟರ್ ಸಾಕು. ಭಾರೀ ವಾಹನಗಳಿಗೆ, ಅದರಲ್ಲೂ ಇಳಿಜಾರಿನಲ್ಲಿ, ಈ ದೂರಗಳು ಇನ್ನೂ ಹೆಚ್ಚುತ್ತವೆ.

2. ಖಾಲಿ ಲಾರಿಯ ಅಪಾಯ

ಸರಕು ಇಳಿಸಿ ಹಿಂದಿರುಗುವ ಖಾಲಿ ಲಾರಿಯು ಹಗುರವಾಗಿರುವುದರಿಂದ ಸುರಕ್ಷಿತವೆಂಬ ಭಾವನೆ ಸಾಮಾನ್ಯವಾಗಿದೆ. ವಸ್ತುಸ್ಥಿತಿ ಹಾಗಿಲ್ಲ. ಹಿಂದಿನ ಅಚ್ಚಿನ ಮೇಲೆ ಭಾರ ಕಡಿಮೆಯಿರುವುದರಿಂದ ಬ್ರೇಕ್ ಒತ್ತಿದೊಡನೆ ಚಕ್ರಗಳು ಉರುಳುವುದನ್ನು ನಿಲ್ಲಿಸಿ ಜಾರತೊಡಗುತ್ತವೆ. ಟೈರು ರಸ್ತೆಗೆ ತಾಗುವ ಭಾಗವೂ ಕಿರಿದಾಗುವುದರಿಂದ, ನಿಂತ ನೀರಿನ ಮೇಲೆ ಟೈರು ತೇಲುವ ಸಂಭವವು ತುಂಬಿದ ಲಾರಿಗಿಂತ ಹೆಚ್ಚು. ಖಾಲಿ ಟ್ರೇಲರ್ ಪಕ್ಕಕ್ಕೆ ತಿರುಗಿ ಮುಂದಿನ ಎಂಜಿನ್ ಭಾಗದ ಕಡೆಗೆ ಮಡಚಿಕೊಳ್ಳಬಹುದು.

3. ಹೊರಡುವ ಮುನ್ನ

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 94ನೇ ನಿಯಮವು ಟೈರುಗಳ ಸ್ಥಿತಿಗೆ ಸಂಬಂಧಿಸಿದೆ. ಲಾರಿಯ ಟೈರಿನ ತೋಡುಗಳ ಆಳವು 1.6 ಮಿ.ಮೀ.ಗಿಂತ ಕಡಿಮೆಯಿರತಕ್ಕದ್ದಲ್ಲ. ಸವೆದ ಟೈರು ನೀರನ್ನು ಹೊರಚೆಲ್ಲಲಾರದು. ಟೈರು ಬದಲಾಯಿಸುವ ತೀರ್ಮಾನ ಬಹುಪಾಲು ಮಾಲೀಕರದಾಗಿರುವುದರಿಂದ, ಮಳೆಗಾಲಕ್ಕೆ ಮುನ್ನ ಟೈರು, ಬ್ರೇಕ್ ಹಾಗೂ ವೈಪರ್‌ಗಳನ್ನು ಪರಿಶೀಲಿಸಿ ಸರಿಪಡಿಸತಕ್ಕದ್ದು. ಮಳೆಯಲ್ಲಿ ಒಣ ರಸ್ತೆಯ ಸಮಯಕ್ಕೇ ಸರಕು ತಲುಪಿಸುವಂತೆ ಚಾಲಕರನ್ನು ಒತ್ತಾಯಿಸತಕ್ಕದ್ದಲ್ಲ.

4. ಘಾಟಿ ಇಳಿಯುವಾಗ

• ಇಳಿಜಾರು ಆರಂಭವಾಗುವ ಮೊದಲೇ ವೇಗ ತಗ್ಗಿಸಿ ಕೆಳಗಿನ ಗೇರಿಗೆ ಬರಬೇಕು.
• ಇಂಧನ ಉಳಿತಾಯಕ್ಕಾಗಿ ನ್ಯೂಟ್ರಲ್‌ನಲ್ಲಿ ಇಳಿಯಬಾರದು. ಎಂಜಿನ್ ನಿಲ್ಲಿಸಿದಲ್ಲಿ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಸಹ ನಿಲ್ಲುತ್ತದೆ.
• ಎಕ್ಸಾಸ್ಟ್ ಬ್ರೇಕ್ ಎಂಜಿನ್ನಿನ ಮೂಲಕ ಚಾಲನಾ ಚಕ್ರಗಳನ್ನು ಮಾತ್ರ ತಡೆಯುವುದರಿಂದ, ಖಾಲಿ ವಾಹನದಲ್ಲಿ ಒದ್ದೆ ತಿರುವಿನ ಮೇಲೆ ಅದನ್ನು ಹಠಾತ್ತನೆ ಬಳಸಬಾರದು.
• ತಿರುವಿಗೆ ಮುನ್ನ ಬ್ರೇಕ್ ಹಿಡಿಯಬೇಕು. ತಿರುವಿನ ನಡುವೆ ಅಲ್ಲ.

5. ವಾಹನ ಜಾರತೊಡಗಿದಲ್ಲಿ

ಬ್ರೇಕ್ ಹಿಡಿದಾಗ ಜಾರಿದಲ್ಲಿ, ಎ.ಬಿ.ಎಸ್. ಇಲ್ಲದ ವಾಹನದ ಚಾಲಕರು ಚಕ್ರಗಳು ಮತ್ತೆ ಉರುಳುವವರೆಗೆ ಬ್ರೇಕ್ ಸಡಿಲಿಸಿ, ನಂತರ ಮೃದುವಾಗಿ ಒತ್ತಬೇಕು. ಎ.ಬಿ.ಎಸ್. ಇದ್ದಲ್ಲಿ ಪೆಡಲನ್ನು ಬಿಡದೆ ಒತ್ತಿ ಹಿಡಿಯಬೇಕು. ಆಕ್ಸಿಲರೇಟರ್ ಒತ್ತಿದಾಗ ಚಾಲನಾ ಚಕ್ರಗಳು ಜಾರಿದಲ್ಲಿ ಕಾಲನ್ನು ನಿಧಾನವಾಗಿ ತೆಗೆಯಬೇಕು. ಸ್ಟೀರಿಂಗನ್ನು ಹೋಗಬೇಕಾದ ದಿಕ್ಕಿಗೆ ನಿಧಾನವಾಗಿ ತಿರುಗಿಸಬೇಕು. ಜಾರಿದ ಟ್ರೇಲರ್ ಅನ್ನು ನೇರಗೊಳಿಸಲು ಟ್ರೇಲರ್‌ನ ಕೈಬ್ರೇಕ್ ಬಳಸಬಾರದು.

6. ಸಂಚಾರ ನಿರ್ಬಂಧ ಮತ್ತು ತುರ್ತು ನೆರವು

ಮೋಟಾರು ವಾಹನಗಳ ಅಧಿನಿಯಮ 1988ರ 115ನೇ ಪ್ರಕರಣದನ್ವಯ ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ನಿರ್ದಿಷ್ಟ ರಸ್ತೆಗಳಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸಲು ಅವಕಾಶವಿದೆ. ಮಳೆ ಹೆಚ್ಚಿದಾಗ ಘಾಟಿಗಳಲ್ಲಿ ಭಾರೀ ವಾಹನಗಳನ್ನು ತಡೆಯುವ ಆದೇಶಗಳನ್ನು ಚಾಲಕರು ಹೊರಡುವ ಮುನ್ನವೇ ವಿಚಾರಿಸಿ ತಿಳಿಯಬೇಕು.

ಅಪಘಾತ ಸಂಭವಿಸಿದಲ್ಲಿ ತುರ್ತು ಸಹಾಯವಾಣಿ 112, ಆಂಬುಲೆನ್ಸ್ 108 ಹಾಗೂ ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಬಹುದಾಗಿದೆ.