ಬಿಸಿಗೆ ಬಣ್ಣ ಬದಲಿಸುವ ಬಟ್ಟೆ: ಒಂದಿಷ್ಟು ಮಾಹಿತಿ



ಕೈ ಇಟ್ಟರೆ ಬಣ್ಣ ಬದಲಾಗುವ ಟೀ ಶರ್ಟನ್ನು ಮಕ್ಕಳು ಆಸೆಪಟ್ಟು ಕೇಳುತ್ತಾರೆ. ನಾಲ್ಕು ಒಗೆತಕ್ಕೇ ಆ ಗುಣ ಹೋದರೆ ಕೊಟ್ಟ ಹಣ ದಂಡ. ಅದು ಕೆಲಸ ಮಾಡುವ ಬಗೆ ತಿಳಿದರೆ ಕಾಪಾಡಿಕೊಳ್ಳುವುದು ಸುಲಭವೆಂದು ಈ ಮಾಹಿತಿ ನೀಡುತ್ತಿದ್ದೇವೆ.

ಬಣ್ಣ ಹೋಗುವುದು ಹೇಗೆ?

ಎಟಿಎಂ ಚೀಟಿ ನಮಗೆಲ್ಲ ಗೊತ್ತು. ಅದರಲ್ಲಿ ಶಾಯಿ ಇರುವುದಿಲ್ಲ. ಕಾಗದದ ಲೇಪದಲ್ಲಿ ‘ಲ್ಯೂಕೋ’ ಎಂಬ ಬಣ್ಣರಹಿತ ವಸ್ತುವೂ ಅದಕ್ಕೆ ಬಣ್ಣ ಬರಿಸುವ ಸೌಮ್ಯ ಆಮ್ಲವೂ ಇರುತ್ತವೆ. ಬಿಸಿ ತಗುಲಿ ಎರಡೂ ಬೆರೆತಾಗ ಅಕ್ಷರ ಮೂಡುತ್ತದೆ. ಬಟ್ಟೆಯಲ್ಲೂ ಇಂಥದೇ ಜೋಡಿ ಇದೆ; ಜೊತೆಗೆ ಮೇಣದಂಥ ಮೂರನೆಯ ವಸ್ತು. ತಣ್ಣಗಿರುವಾಗ ಮೇಣ ಗಟ್ಟಿಯಾಗಿದ್ದು, ಜೋಡಿ ಕೂಡಿಕೊಂಡು ಬಣ್ಣ ಕಾಣುತ್ತದೆ. ಬಿಸಿಗೆ ಮೇಣ ಕರಗಿ ಜೋಡಿಯನ್ನು ಅಗಲಿಸುತ್ತದೆ, ಬಣ್ಣ ಮಾಯ. ತಣಿದರೆ ಮತ್ತೆ ಬರುತ್ತದೆ. ಈ ಮೂರನ್ನೂ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಲ್ಲಿ ತುಂಬಿ ಬಟ್ಟೆಯ ಮೇಲೆ ಅಚ್ಚು ಹಾಕುತ್ತಾರೆ. ಹಳದಿ ಬಟ್ಟೆಗೆ ಇಂಥ ನೀಲಿ ಹಾಕಿದರೆ ತಣ್ಣಗಿದ್ದಾಗ ಹಸಿರು, ಬಿಸಿಯಾದಾಗ ಹಳದಿ.

1991ರಲ್ಲಿ ಅಮೆರಿಕದ ಸಿಯಾಟಲ್‌ನ ಜೆನೆರಾ ಕಂಪನಿ ‘ಹೈಪರ್‌ಕಲರ್’ ಹೆಸರಿನಲ್ಲಿ ಇಂಥ ಉಡುಪು ಮಾರಿತು. ಕಂಕುಳ ಬಿಸಿಯೂ ಎದ್ದು ಕಾಣುತ್ತಿತ್ತು. ಬಿಸಿನೀರಿನಲ್ಲಿ ಒಗೆದರೆ ಗುಣವೇ ಹೋಗುತ್ತಿತ್ತು.

ನಮ್ಮ ಊರುಗಳಲ್ಲಿ

ಕೈ ಸೋಕಿಗೆ ಬದಲಾಗುವ ಬಟ್ಟೆಯ ಮೇಣ ಸಾಮಾನ್ಯವಾಗಿ ಸುಮಾರು 31 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಎತ್ತರದಲ್ಲಿರುವ ಹೊಸೂರಿನ ಡಿಸೆಂಬರ್ ಬೆಳಗಿನಲ್ಲಿ ಅಂಗೈ ಗುರುತು ಚೆನ್ನಾಗಿ ಮೂಡೀತು. ಕೃಷ್ಣಗಿರಿಯ ಮೇ ತಿಂಗಳ ಮಧ್ಯಾಹ್ನ ಗಾಳಿಯೇ 35 ಡಿಗ್ರಿ ದಾಟುವುದರಿಂದ ಅಂಗಿ ತೊಡುವ ಮೊದಲೇ ಬಿಳಚಿಕೊಂಡಿರುತ್ತದೆ. ಕೆಟ್ಟಿತೆಂದು ಎಸೆಯಬೇಡಿ, ತಣ್ಣೀರಿನಲ್ಲಿ ಅದ್ದಿ ನೋಡಿ.

ಗಮನಿಸಬೇಕಾದದ್ದು

• ತಣ್ಣೀರಿನಲ್ಲಿ, ಒಳಮಗ್ಗುಲು ಹೊರಗೆ ಮಾಡಿ ಒಗೆಯಿರಿ. ಬ್ಲೀಚ್ ಬೇಡ.
• ನೆರಳಿನಲ್ಲಿ ಒಣಗಿಸಿ. ಬಿಸಿಲು ಈ ಬಣ್ಣವನ್ನು ಬೇಗ ಕೆಡಿಸುತ್ತದೆ.
• ಅಚ್ಚಿನ ಮೇಲೆ ಇಸ್ತ್ರಿ ಹಾಕಬೇಡಿ.
• ಮಗುವಿನ ಅಂಗಿಯ ಬಣ್ಣ ನೋಡಿ ಜ್ವರವಿದೆ, ಇಲ್ಲ ಎಂದು ತೀರ್ಮಾನಿಸಬೇಡಿ. ಥರ್ಮಾಮೀಟರ್ ಇಟ್ಟು ನೋಡಿ, ವೈದ್ಯರನ್ನು ಕೇಳಿ.

ಹಣೆಗೆ ಅಂಟಿಸುವ ಜ್ವರದ ಪಟ್ಟಿಯಲ್ಲಿ ಬಣ್ಣ ಬದಲಿಸುವುದು ಬೇರೆಯೇ ವಸ್ತು, ದ್ರವ ಸ್ಫಟಿಕ. ಈ ದ್ರವ ಸ್ಫಟಿಕ ವಿಜ್ಞಾನದಲ್ಲಿ ನಮ್ಮ ನೆರೆಯ ಬೆಂಗಳೂರಿಗೆ ದೊಡ್ಡ ಹೆಸರಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಅವರು ಮುಂದೆ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂಗಡಿಗರೊಡನೆ ತಟ್ಟೆಯಾಕಾರದ ಅಣುಗಳ ದ್ರವ ಸ್ಫಟಿಕವನ್ನು ಕಂಡುಹಿಡಿದು 1977ರಲ್ಲಿ ಪ್ರಕಟಿಸಿದರು. ಅಂಗಿಯ ಬಗ್ಗೆ ಕೇಳುವ ಮಕ್ಕಳಿಗೆ ಈ ಹೆಸರನ್ನೂ ಹೇಳೋಣ.

ಇಂತಿ,
ಕಾರ್ಯದರ್ಶಿ